ಸೀಳುಬಿದಿರಿನ ಗಾಳದ ಕೋಲೊಂದರ ವಯಸ್ಸು ಹುಡುಕಿದ ಬಗೆ

ಮೈಸೂರಿನ ಹಳೆಯ ಸಾಮಾನಿನ ಅಂಗಡಿಯೊಂದರಲ್ಲಿ, ಮುರಿದ ಛತ್ರಿಗಳನ್ನೂ ಪರದೆ ಕಟ್ಟುವ ಹಿತ್ತಾಳೆ ಕಂಬಿಗಳನ್ನೂ ಒರಗಿಸಿಟ್ಟಿದ್ದ ಮೂಲೆಯಲ್ಲಿ, ಮಾಸಿ ಕಂದು ಬಣ್ಣಕ್ಕೆ ತಿರುಗಿದ್ದ ಉದ್ದನೆಯ ಬಟ್ಟೆಯ ಚೀಲವೊಂದು ಕಣ್ಣಿಗೆ ಬಿತ್ತು. ಬಾಯಿಯ ಗಂಟು ಬಿಚ್ಚಿದಾಗ ಒಳಗೆ ಮೂರು ಗೂಡುಗಳಿದ್ದು, ಒಂದೊಂದರಲ್ಲಿ ಒಂದೊಂದು ಆರುಮೂಲೆಯ ಬಿದಿರಿನ ಕೋಲಿತ್ತು. ದಪ್ಪನೆಯ ಒಂದಕ್ಕೆ ಬೆಂಡಿನ ಹಿಡಿಯಿತ್ತು. ಉಳಿದೆರಡು ತುದಿಯತ್ತ ಪೆನ್ಸಿಲ್ಲಿಗಿಂತ ಸಣ್ಣಗಾಗುತ್ತ ಹೋಗಿದ್ದವು. ಅಂಗಡಿಯವರು ಕೊಡಗಿನ ಹಳೆಯ ಕಾಫಿ ಎಸ್ಟೇಟಿನ ಬಂಗಲೆಯೊಂದನ್ನು ಖಾಲಿ ಮಾಡುವಾಗ ಬಂದ ಸಾಮಾನು ಇದೆಂದು ಹೇಳಿ, ಚೀಲದ ಬಾಯಿಯ ಬಳಿ ಹೊಲಿದಿದ್ದ ಚಿಕ್ಕ ಪಟ್ಟಿಯನ್ನು ತೋರಿಸಿದರು. ಅದರಲ್ಲಿ ಹಾರ್ಡಿ ಬ್ರದರ್ಸ್, ಆನಿಕ್ ಎಂದು ಇಂಗ್ಲಿಷಿನಲ್ಲಿ ನೇಯ್ದಿತ್ತು. 3,500 ರೂಪಾಯಿ ಹೇಳಿದರು. ಕೊನೆಗೆ 1,800ಕ್ಕೆ ಒಪ್ಪಿಕೊಂಡರು.

ನಾನು ಗಾಳ ಹಾಕುವುದನ್ನು ಬಿಟ್ಟು ಬಹಳ ಕಾಲವಾಗಿದೆ. ನಂಜನಗೂಡಿನಲ್ಲಿ ಬೆಳೆಯುವಾಗ ಕಪಿಲೆಯ ದಡದಲ್ಲಿ ಹಸಿ ಬಿದಿರಿನ ಕಡ್ಡಿಗೆ ದಾರ ಕಟ್ಟಿ ಕೂರುತ್ತಿದ್ದುದಷ್ಟೇ ನನ್ನ ಅನುಭವ. ಆದರೆ ಕೈಗೆಲಸದ ಹಳೆಯ ಉಪಕರಣಗಳನ್ನು ಕಂಡರೆ ಅವನ್ನು ಯಾರು, ಯಾವಾಗ, ಹೇಗೆ ಮಾಡಿದರೆಂದು ತಿಳಿಯುವವರೆಗೆ ನನಗೆ ಸಮಾಧಾನವಾಗುವುದಿಲ್ಲ. ಈ ಕೋಲಿನ ವಿಷಯದಲ್ಲಿ ಅದಕ್ಕೆ ಸುಮಾರು ನಾಲ್ಕು ತಿಂಗಳು ಹಿಡಿಯಿತು. ಇಂಥ ಕೋಲು ಬೇರೆಯವರ ಅಟ್ಟದ ಮೇಲೂ ಇರಬಹುದು. ಅವರಿಗೆ ನೆರವಾಗಲೆಂದು ನಾನು ನಡೆದ ದಾರಿಯನ್ನು, ಮೊದಲ ದಿನವೇ ಮಾಡಿದ ದೊಡ್ಡ ತಪ್ಪನ್ನೂ ಸೇರಿಸಿ, ಇಲ್ಲಿ ಬರೆದಿಡುತ್ತಿದ್ದೇನೆ.

ತಪ್ಪಿನಿಂದಲೇ ಆರಂಭಿಸಬೇಕು. ಮನೆಗೆ ತಂದ ರಾತ್ರಿಯೇ ಕೋಲಿನ ಮೇಲಿನ ಜಿಡ್ಡು ತೆಗೆಯುವ ಉತ್ಸಾಹದಲ್ಲಿ, ಮರದ ಪಾಲಿಶ್ ಮಾಡುವವರು ಬಳಸುವ ಸ್ಪಿರಿಟ್ಟನ್ನು ಹಳೆಯ ಬನಿಯನ್ ಬಟ್ಟೆಗೆ ಹಾಕಿಕೊಂಡು ಹಿಡಿಯ ಮೇಲ್ಭಾಗದಲ್ಲಿ ಒರೆಸತೊಡಗಿದೆ. ಮೂರು ನಾಲ್ಕು ಸಲ ಒರೆಸಿ ಬಟ್ಟೆಯನ್ನು ತಿರುಗಿಸಿ ನೋಡಿದರೆ ಕಂದು ಕೊಳೆಯ ನಡುವೆ ಕಡುಕಪ್ಪಿನ ಸಣ್ಣ ಗೀರುಗಳು ಕಂಡವು. ಅದು ಕೊಳೆಯಲ್ಲ, ಮಸಿ. ಆ ಕಾಲದ ಇಂಗ್ಲಿಷ್ ಕಾರ್ಖಾನೆಗಳಲ್ಲಿ ತಯಾರಕರ ಹೆಸರನ್ನೂ ಊರನ್ನೂ ಹಿಡಿಯ ಮೇಲ್ಗಡೆಯ ಬಿದಿರಿನ ಮೇಲೆ ಲೇಖನಿಯಿಂದ ಬರೆದು, ಅದರ ಮೇಲೆ ಅರಗಿನ ವಾರ್ನಿಷ್ ಬಳಿಯುವ ರೂಢಿಯಿತ್ತು. ಅರಗು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಎಷ್ಟೋ ದಶಕಗಳ ಕಾಲ ಉಳಿದುಕೊಂಡಿದ್ದ ಬರಹದ ಮೊದಲರ್ಧ ನನ್ನ ಕೈಯಲ್ಲಿ ಅರ್ಧ ನಿಮಿಷದಲ್ಲಿ ಬಟ್ಟೆಗೆ ಬಂದಿತ್ತು. ಅಂದಿನಿಂದ ಒಂದು ನಿಯಮ ಮಾಡಿಕೊಂಡೆ: ಅಳೆದು, ಫೋಟೋ ತೆಗೆದು, ಬರೆದುಕೊಳ್ಳುವ ಕೆಲಸ ಪೂರ್ತಿಯಾಗುವವರೆಗೆ ಒಣ ಕುಂಚದಿಂದ ಧೂಳು ಹೊಡೆಯುವುದರ ಹೊರತು ಬೇರೇನನ್ನೂ ಮಾಡಬಾರದು.

ಮರುದಿನ ಅಳತೆ ಶುರುವಾಯಿತು. ಹಿಡಿಯಿರುವ ಭಾಗ 147 ಸೆಂ.ಮೀ. ಎರಡು ತುದಿಭಾಗಗಳಲ್ಲಿ ಒಂದು 147 ಸೆಂ.ಮೀ. ಇದ್ದರೆ ಇನ್ನೊಂದು 141 ಮಾತ್ರ. ಉದ್ದ ತುದಿಯನ್ನು ಲೋಹದ ಕೊಳವೆಯಲ್ಲಿ ಕೂಡಿಸಿದಾಗ ಒಟ್ಟು ಉದ್ದ 289 ಸೆಂ.ಮೀ. ಮೇಲೆ ಸ್ವಲ್ಪ ಬಂತು, ಅಂದರೆ ಒಂಬತ್ತೂವರೆ ಅಡಿ. ಇಂಗ್ಲಿಷ್ ಕೋಲುಗಳು ಅಡಿ ಮತ್ತು ಅರ್ಧ ಅಡಿಯ ಲೆಕ್ಕದಲ್ಲೇ ತಯಾರಾಗುತ್ತಿದ್ದುದರಿಂದ, ಕೂಡಿಸಿದ ಉದ್ದ ಇಂಥ ದುಂಡನೆಯ ಸಂಖ್ಯೆಗೆ ಬಂದರೆ ಕೋಲು ಮೂಲ ಉದ್ದದಲ್ಲಿದೆ ಎನ್ನಲು ಒಳ್ಳೆಯ ಆಧಾರ ಸಿಕ್ಕಂತೆ. ಗಿಡ್ಡ ತುದಿಯನ್ನು ಹಾಕಿದರೆ ಎರಡೂ ಕಾಲು ಅಂಗುಲ ಕಡಿಮೆಯಾಗುತ್ತಿತ್ತು. ವರ್ನಿಯರ್ ಕ್ಯಾಲಿಪರ್ ಹಿಡಿದು ನೋಡಿದಾಗ ಅದರ ಕೊನೆಯ ಬಿದಿರು ಇನ್ನೊಂದರ ಕೊನೆಗಿಂತ ಸ್ಪಷ್ಟವಾಗಿ ದಪ್ಪವಿತ್ತು. ಮುರಿದ ತುದಿಯನ್ನು ಕತ್ತರಿಸಿ, ಗಾಳದ ದಾರ ಹಾಯುವ ಉಂಗುರಗಳಲ್ಲಿ ಕೊನೆಯದನ್ನು ಕೆಳಗಿಳಿಸಿ ಮತ್ತೆ ಕೂಡಿಸಿದ್ದಾರೆ ಎಂಬುದು ಖಚಿತವಾಯಿತು. ಆದ್ದರಿಂದ ಆ ತುದಿಯ ಮೇಲಿನ ಯಾವ ಉಂಗುರವನ್ನೂ ಅದನ್ನು ಬಿಗಿದ ಯಾವ ದಾರವನ್ನೂ ಕಾಲನಿರ್ಣಯಕ್ಕೆ ನಂಬುವಂತಿರಲಿಲ್ಲ.

ಇನ್ನು ಹಾರ್ಡಿ ಎಂಬ ಹೆಸರು. ಹಾರ್ಡಿ ಸೋದರರು 1872ರಲ್ಲಿ ಇಂಗ್ಲೆಂಡಿನ ಉತ್ತರ ತುದಿಯ ಆನಿಕ್ ಎಂಬ ಊರಿನಲ್ಲಿ ಅಂಗಡಿ ತೆರೆದವರು. ಬಿದಿರಿನ ಕೋಲುಗಳಲ್ಲಿ ಅವರ ಹೆಸರು ಎಷ್ಟು ದೊಡ್ಡದೆಂದರೆ ಹಳೆಯ ಕೋಲನ್ನು ಮಾರುವವರೆಲ್ಲ ಮೊದಲು ಹೇಳುವ ಹೆಸರು ಅದೇ. ಆದರೆ ಚೀಲದ ಮೇಲಿನ ಪಟ್ಟಿ ಚೀಲವನ್ನು ಹೊಲಿಸಿದವರ ಗುರುತೇ ಹೊರತು ಒಳಗಿರುವ ಕೋಲಿನದಲ್ಲ. ಬೆಳಕಿನಲ್ಲಿ ಚೀಲವನ್ನು ಮಗುಚಿ ಹಾಕಿ ನೋಡಿದಾಗ ಮೂರು ಗೂಡುಗಳ ಬಟ್ಟೆಯ ಮೇಲೂ ಮಾಸಲು ಹಸಿರು ಕಲೆಗಳು ಕಂಡವು. ಹಿತ್ತಾಳೆಯ ಕೊಳವೆಗಳು ಮಳೆಗಾಲದ ತೇವದಲ್ಲಿ ಕಿಲುಬು ಬಿಟ್ಟು ಮೂಡಿಸಿದ ಕಲೆಗಳವು. ಕೋಲಿನ ಭಾಗಗಳನ್ನು ಅವುಗಳ ಗೂಡಿನಲ್ಲಿಟ್ಟು ಹೋಲಿಸಿದರೆ, ಕಲೆಗಳು ನನ್ನ ಕೋಲಿನ ಕೊಳವೆಗಳಿಗಿಂತ ಸುಮಾರು 15 ಸೆಂ.ಮೀ. ಮೇಲಿದ್ದವು. ಈ ಚೀಲ ತನ್ನ ಜೀವಮಾನದ ಹೆಚ್ಚು ಭಾಗ ಇದಕ್ಕಿಂತ ಉದ್ದನೆಯ ಬೇರೊಂದು ಕೋಲನ್ನು ಹೊತ್ತಿತ್ತು. ಅಲ್ಲಿಗೆ ಹಾರ್ಡಿ ಹೆಸರನ್ನು ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೊಡೆದುಹಾಕಿ, ಕೋಲು ತಾನೇ ಏನು ಹೇಳುತ್ತದೆ ಎಂದು ಕೇಳಲು ಕುಳಿತೆ.

ಮೊದಲು ಬಿದಿರು. ಈ ಬಗೆಯ ಕೋಲನ್ನು ಇಡಿಯ ಬಿದಿರಿನಿಂದ ಮಾಡುವುದಿಲ್ಲ. ಬಿದಿರನ್ನು ಉದ್ದಕ್ಕೆ ಸೀಳಿ, ಪ್ರತಿ ಸೀಳನ್ನೂ ಮುಮ್ಮೂಲೆಯಾಗಿ ಹೆರೆದು, ಗಟ್ಟಿಯಾದ ಹೊರಮೈ ಹೊರಗೆ ಬರುವಂತೆ ಆರು ಸೀಳುಗಳನ್ನು ಅಂಟಿಸಿದರೆ ಆರುಮೂಲೆಯ ಕೋಲಾಗುತ್ತದೆ. ಸೀಳುಬಿದಿರಿನ ಕೋಲುಗಳನ್ನು ಅಮೆರಿಕದ ಪೆನ್ಸಿಲ್ವೇನಿಯಾದ ಈಸ್ಟನ್ ಊರಿನಲ್ಲಿ ಬಂದೂಕು ಮಾಡುತ್ತಿದ್ದ ಸ್ಯಾಮ್ಯುಯಲ್ ಫಿಲಿಪ್ 1840ರ ದಶಕದಲ್ಲೇ ಮಾಡುತ್ತಿದ್ದ. 1870ರ ದಶಕದಲ್ಲಿ ಮೇಯ್ನ್ ರಾಜ್ಯದ ಹೈರಮ್ ಲೆನರ್ಡ್ ಸೀಳು ಹೆರೆಯುವುದಕ್ಕೆ ಯಂತ್ರವನ್ನೇ ಮಾಡಿಕೊಂಡ ಮೇಲೆ ಆರು ಸೀಳಿನ ಕೋಲು ಎಲ್ಲೆಡೆ ಹರಡಿತು. ನಮ್ಮವರು ತಿಳಿಯಬೇಕಾದ ಸಂಗತಿಯೆಂದರೆ ಆರಂಭದ ದಶಕಗಳಲ್ಲಿ ಆ ಕೋಲುಗಳಿಗೆ ಹೋಗುತ್ತಿದ್ದುದು ಭಾರತದ ಬಿದಿರು. ಕಲ್ಕತ್ತೆಯ ಬಂದರಿನಿಂದ ಹಡಗೇರುತ್ತಿದ್ದುದರಿಂದ ಅದಕ್ಕೆ ಕಲ್ಕತ್ತಾ ಬಿದಿರು ಎಂದೇ ಹೆಸರಾಗಿತ್ತು. ಅದು ಬೇರೇನೂ ಅಲ್ಲ, ನಮ್ಮ ಒಣ ಕಾಡುಗಳಲ್ಲಿ ಬೆಳೆಯುವ, ಒಳಗೆ ಟೊಳ್ಳು ಕಡಿಮೆಯಿರುವ ಗಂಡು ಬಿದಿರು. ಅದರ ಹೊರಮೈಯಲ್ಲಿ ಬೆಂಕಿಗೆ ಹಿಡಿದ ಸುಟ್ಟ ಕಲೆಗಳಿರುತ್ತಿದ್ದವು. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟಾಂಕಿನ್ ಬಿದಿರು ಅದರ ಜಾಗವನ್ನು ಹಿಡಿಯಿತು. ಅಮೆರಿಕದ ಸಸ್ಯವಿಜ್ಞಾನಿ ಮೆಕ್ಲೂರ್ 1931ರಲ್ಲಿ ಆ ಬಿದಿರಿಗೆ ಶಾಸ್ತ್ರೀಯ ಹೆಸರಿಟ್ಟಾಗ ಅದು ಆಗಲೇ ಜಗತ್ತಿನ ಕೋಲು ಮಾಡುವವರೆಲ್ಲರ ಮೆಚ್ಚಿನ ಬಿದಿರಾಗಿತ್ತು. ನನ್ನ ಕೋಲು ಇವೆರಡರಲ್ಲಿ ಯಾವುದೆಂದು ತಿಳಿದರೆ ಕಾಲದ ಒಂದು ತುದಿ ಸಿಗುತ್ತಿತ್ತು.

ಇಷ್ಟನ್ನು ಓದಿ ತಿಳಿದಿದ್ದರೂ ಬಿದಿರನ್ನು ನೋಡಿ ಗುರುತಿಸುವ ಕಣ್ಣು ನನಗಿರಲಿಲ್ಲ. ಅದು ಇರುವವರ ಬಳಿಗೇ ಹೋದೆ. ಮೈಸೂರಿನ ಬ್ಯಾಂಬೂ ಬಜಾರಿನಲ್ಲಿ ಏಣಿ, ಬುಟ್ಟಿ, ಮೊರ, ತಟ್ಟಿಗಳನ್ನು ಮಾಡಿ ಮಾರುವ ಮೇದಾರ ಹಿರಿಯರೊಬ್ಬರು ಮಚ್ಚನ್ನು ಪಕ್ಕಕ್ಕಿಟ್ಟು, ಕೈಯನ್ನು ಪಂಚೆಗೆ ಒರೆಸಿಕೊಂಡು ಕೋಲನ್ನು ತೆಗೆದುಕೊಂಡರು. ಮೊದಲು ಕಣ್ಣಿನ ನೇರಕ್ಕೆ ಹಿಡಿದು ಉದ್ದಕ್ಕೂ ನೋಡಿದರು. ಆಮೇಲೆ ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಒಂದೊಂದು ಮುಖವನ್ನೂ ಸವರುತ್ತ ಹೋದರು. ಗೆಣ್ಣು ಸಿಕ್ಕಲ್ಲೆಲ್ಲ ಬೆರಳು ಒಂದು ಕ್ಷಣ ನಿಲ್ಲುತ್ತಿತ್ತು.

"ಇದು ನಮ್ಮ ಕಡೆ ಬಿದಿರಲ್ಲ ಸ್ವಾಮಿ," ಎಂದರು. "ನಮ್ಮ ಗಂಡು ಬಿದಿರಾಗಿದ್ರೆ ಗೆಣ್ಣು ಇಷ್ಟು ದೂರ ದೂರ ಇರ್ತಿರ್ಲಿಲ್ಲ, ಉಬ್ಬೂ ಜಾಸ್ತಿ ಇರ್ತಿತ್ತು. ಇದನ್ನ ಮಾಡ್ದೋನು ಎಷ್ಟು ಚೆನ್ನಾಗಿ ದಬ್ಬೆ ಜೋಡ್ಸವ್ನೆ ನೋಡಿ, ಒಂದು ಗೆಣ್ಣಿನ ಪಕ್ಕ ಇನ್ನೊಂದು ಗೆಣ್ಣು ಬರಕ್ಕೇ ಬಿಟ್ಟಿಲ್ಲ."

ಅವರು ಹೇಳಿದ ಮೇಲೆ ನಾನೂ ಅಳೆದೆ. ಒಂದೇ ಸೀಳಿನ ಮೇಲೆ ಗೆಣ್ಣಿನಿಂದ ಗೆಣ್ಣಿಗೆ 36ರಿಂದ 41 ಸೆಂ.ಮೀ. ಅಂತರವಿತ್ತು. ಪಕ್ಕಪಕ್ಕದ ಸೀಳುಗಳ ಗೆಣ್ಣುಗಳು ಒಂದೇ ಮಟ್ಟಕ್ಕೆ ಬಾರದಂತೆ ಮೇಲೆ ಕೆಳಗೆ ಸರಿಸಿಡಲಾಗಿತ್ತು. ಗೆಣ್ಣಿನ ಬಳಿ ನಾರು ಬಾಗುವುದರಿಂದ ಅದು ಬಿದಿರಿನ ಬಲಹೀನ ಜಾಗ. ಅವೆಲ್ಲ ಒಂದೆಡೆ ಸೇರಿದರೆ ಕೋಲು ಅಲ್ಲಿಯೇ ಮುರಿಯುತ್ತದೆ. ಸುಟ್ಟ ಕಲೆ ಎಲ್ಲಿಯೂ ಇರಲಿಲ್ಲ. ಟಾಂಕಿನ್ ಬಿದಿರು ಎಂದು ಬರೆದುಕೊಂಡೆ. ಅಂದರೆ ಹತ್ತೊಂಬತ್ತನೆಯ ಶತಮಾನವನ್ನು ಪಕ್ಕಕ್ಕಿಡಬಹುದಾಗಿತ್ತು. ಲೋಹದ ಕೀಲಿನ ತುದಿಯಲ್ಲಿ ಆ ಶತಮಾನದ ಕೋಲುಗಳಿಗಿರುತ್ತಿದ್ದ ಮೊಳೆಯಂಥ ಕಡ್ಡಿಯೂ ಇಲ್ಲದಿದ್ದುದು, ಬಿದಿರಿಗೆ ಒರಗಿ ಬಿದ್ದುಕೊಳ್ಳುವ ಸಡಿಲ ಉಂಗುರಗಳ ಬದಲು ಎದ್ದು ನಿಂತ ಉಂಗುರಗಳಿದ್ದುದು ಇದಕ್ಕೇ ಹೊಂದುತ್ತಿತ್ತು. ನಾನು ಹಣ ಕೊಡಹೋದರೆ ಆ ಹಿರಿಯರು ತೆಗೆದುಕೊಳ್ಳಲಿಲ್ಲ. ಇನ್ನೊಮ್ಮೆ ಬಂದಾಗ ಇದು ಯಾವ ಊರಿನದೆಂದು ತಿಳಿಸಿ ಹೋಗಬೇಕೆಂದು ಮಾತ್ರ ಕೇಳಿದರು.

ದಾರದ ವಿಷಯದಲ್ಲಿ ನನಗೆ ನೆರವಾದವರು ಮನೆಯಲ್ಲೇ ಇದ್ದರು. ನನ್ನ ಹೆಂಡತಿ ಇಪ್ಪತ್ತು ವರ್ಷಗಳಿಂದ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಾಳೆ. ಕೋಲಿನ ಉಂಗುರಗಳನ್ನು ಬಿದಿರಿಗೆ ಬಿಗಿದಿರುವುದು ದಾರದಿಂದ. ಉಂಗುರವಿಲ್ಲದ ಕಡೆಗಳಲ್ಲೂ ಹೆಚ್ಚೂ ಕಡಿಮೆ ಒಂದು ಅಂಗುಲಕ್ಕೊಂದರಂತೆ ಕಿರಿದಾದ ಸುತ್ತುಗಟ್ಟುಗಳಿವೆ. ಉದ್ದ ತುದಿಯೊಂದರಲ್ಲೇ 54 ಎಣಿಸಿದೆ. ಪ್ರತಿಯೊಂದರಲ್ಲೂ ದಾರ ಒಂದರ ಪಕ್ಕ ಒಂದು ಒತ್ತಾಗಿ ಎಂಟು ಹತ್ತು ಸುತ್ತು ಬಂದು, ಕೊನೆಯ ಎಳೆ ತನ್ನದೇ ಸುತ್ತುಗಳಡಿಯಲ್ಲಿ ಅಡಗಿ ಮಾಯವಾಗುತ್ತದೆ. ಗಂಟು ಎಲ್ಲಿಯೂ ಕಾಣುವುದಿಲ್ಲ. ಕನ್ನಡಕ ಮೇಲೇರಿಸಿಕೊಂಡು ಅವಳು ಗಿಡ್ಡ ತುದಿಯ ಎರಡು ಕಟ್ಟುಗಳನ್ನು ಮುಟ್ಟಿದವಳೇ, "ಇದು ರೇಷ್ಮೆ ಅಲ್ಲಾರೀ. ಬೇರೆ ಎಲ್ಲಾ ರೇಷ್ಮೆ, ಇವೆರಡು ಮಾತ್ರ ನೈಲಾನ್ ದಾರ," ಎಂದಳು.

ಪರೀಕ್ಷೆಯನ್ನೂ ಅವಳೇ ಮಾಡಿದಳು. ಮೈಸೂರಿನಲ್ಲಿ ಸೀರೆಯ ರೇಷ್ಮೆಯನ್ನು ಪರೀಕ್ಷಿಸುವುದು ಹೇಗೋ ಹಾಗೆಯೇ. ಬಿಚ್ಚಿಕೊಂಡಿದ್ದ ಕಟ್ಟೊಂದರಿಂದ ಅಕ್ಕಿಕಾಳಿನಷ್ಟು ಎಳೆಯನ್ನು ಚಿಮುಟದಲ್ಲಿ ಹಿಡಿದು ದೀಪದ ಜ್ವಾಲೆಗೆ ಒಡ್ಡಿದಳು. ಕೂದಲು ಸುಟ್ಟ ವಾಸನೆ ಬಂತು. ಉಳಿದ ಕರಿಯನ್ನು ಬೆರಳುಗಳ ನಡುವೆ ಉಜ್ಜಿದರೆ ಪುಡಿಯಾಯಿತು. ಅದು ರೇಷ್ಮೆ. ಗಿಡ್ಡ ತುದಿಯ ಎಳೆ ಉರಿಯುವ ಮೊದಲೇ ಮುದುರಿ ಕರಗಿ, ಸಾಸಿವೆಗಿಂತ ಚಿಕ್ಕದಾದ ಗಟ್ಟಿ ಮಣಿಯಾಯಿತು. ಅಮೆರಿಕದ ಡ್ಯೂಪಾಂಟ್ ಕಂಪನಿ ನೈಲಾನನ್ನು ಪ್ರಕಟಿಸಿದ್ದು 1938ರಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆಯೇ ಅದು ಸಾಮಾನ್ಯರ ಕೈಗೆ ಬಂದದ್ದು. ಹೀಗಾಗಿ ಮುರಿದ ತುದಿಯ ದುರಸ್ತಿ ಯುದ್ಧಾನಂತರದ್ದೆಂದು ತಿಳಿಯಿತು. ಕೋಲು ಹುಟ್ಟಿದ ಕಾಲ ಮತ್ತು ಅದನ್ನು ರಿಪೇರಿ ಮಾಡಿದ ಕಾಲ ಎರಡೂ ಬೇರೆ ಬೇರೆ ಎಂಬುದನ್ನು ಮರೆತರೆ ಈ ಕೆಲಸದಲ್ಲಿ ದಾರಿ ತಪ್ಪುವುದು ಬಹಳ ಸುಲಭ. ಯಾರೋ ಆಮೇಲೆ ಹಾಕಿದ ಒಂದು ಉಂಗುರವನ್ನು ನೋಡಿ ಇಡೀ ಕೋಲಿಗೆ ಮೂವತ್ತು ವರ್ಷ ಕಡಿಮೆ ಹೇಳಿಬಿಡುತ್ತೇವೆ.

ದಾರದ ಬಣ್ಣ ಹೊರಗೆ ಮಣ್ಣಿನ ಬಣ್ಣದಂತೆ ಕಂಡರೂ, ಸಡಿಲವಾಗಿದ್ದ ಉಂಗುರದ ಪಾದವನ್ನು ಒಂದಿಷ್ಟು ಎತ್ತಿದಾಗ ಬೆಳಕು ತಾಗದ ಅದರಡಿಯ ಎಳೆಗಳು ದಾಸವಾಳದ ಕೆಂಪಿನಲ್ಲಿದ್ದವು. ಇದನ್ನು ಕಂಡಾಗ ನನ್ನ ಹೆಂಡತಿಗೆ ಆದ ಸಂತೋಷವನ್ನು ನಾನು ಮರೆಯಲಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಈ ಕೋಲು ಆ ಬಣ್ಣದ ನೂರಾರು ಸಣ್ಣ ಕಟ್ಟುಗಳಿಂದ ಹೊಳೆಯುತ್ತಿತ್ತು.

ಇಷ್ಟು ಒತ್ತಾಗಿ ಕಟ್ಟುಗಳನ್ನು ಹಾಕಿದ್ದು ಅಂದಕ್ಕಾಗಿ ಮಾತ್ರವಲ್ಲ, ಅಂಟಿನ ಮೇಲೆ ಪೂರ್ತಿ ನಂಬಿಕೆಯಿಲ್ಲದ್ದಕ್ಕಾಗಿ. ಪ್ರಾಣಿಗಳ ಚರ್ಮ, ಮೂಳೆಗಳಿಂದ ಮಾಡಿದ ಸರೇಸು ಒಣಗಿದಾಗ ಬಹಳ ಗಟ್ಟಿ, ಆದರೆ ತೇವಕ್ಕೂ ಶಾಖಕ್ಕೂ ಸೋಲುತ್ತದೆ. ದಿನವಿಡೀ ನೀರಿನ ಬಳಿ ಇರುವ ಕೋಲಿನ ಅಂಟು ಬಿಟ್ಟರೂ ಸೀಳುಗಳು ಬಾಯ್ಬಿಡದಂತೆ ರೇಷ್ಮೆ ಹಿಡಿದಿಡಬೇಕಾಗಿತ್ತು. ಇಂಗ್ಲೆಂಡಿನಲ್ಲಿ ನಾರ್ಮನ್ ಡಿ ಬ್ರೂಯ್ನ್ ಎಂಬ ವಿಜ್ಞಾನಿ 1937ರಲ್ಲಿ ಏರೋಲೈಟ್ ಎಂಬ ರಾಳದ ಅಂಟನ್ನು ತಂದ. ಅದು ವಿಮಾನಗಳ ಮರದ ಭಾಗಗಳನ್ನು ಕೂಡಿಸುವುದಕ್ಕಾಗಿ ಹುಟ್ಟಿದ ಅಂಟು. ಯುದ್ಧ ಮುಗಿದ ಮೇಲೆ ಬಿದಿರಿನ ಕೋಲು ಮಾಡುವವರೂ ಅದನ್ನೂ ಅಂಥ ಬೇರೆ ಅಂಟುಗಳನ್ನೂ ಹಿಡಿದುಕೊಂಡರು. ನೀರಿಗೆ ಬಗ್ಗದ ಅಂಟು ಸಿಕ್ಕ ಮೇಲೆ ನಡುವಿನ ಕಟ್ಟುಗಳು ವಿರಳವಾಗುತ್ತ ಬಂದು, ಕೊನೆಗೆ ಎಷ್ಟೋ ಕೋಲುಗಳಲ್ಲಿ ಉಂಗುರವಿರುವಲ್ಲಿ ಮಾತ್ರ ಉಳಿದವು. ಹಾಗಾದರೆ ನನ್ನ ಕೋಲಿನ ಅಂಟು ಯಾವುದು? ಗಿಡ್ಡ ತುದಿಯ ಕೊನೆಯಲ್ಲಿ ಎರಡು ಸೀಳುಗಳ ನಡುವೆ ಕೂದಲೆಳೆಯಷ್ಟು ಬಿರುಕಿತ್ತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯನ್ನು ಅಲ್ಲಿ ಐದು ನಿಮಿಷ ಒತ್ತಿಟ್ಟು ತೆಗೆದೆ. ಬಿರುಕಿನ ಅಂಚು ಬೆರಳಿಗೆ ಅಂಟಿಕೊಂಡಿತು. ಮೂಗಿನ ಬಳಿ ಹಿಡಿದರೆ ಹಸಿ ತೊಗಲಿನ ವಾಸನೆ. ನನ್ನ ತಂದೆಯ ಕಾಲದಲ್ಲಿ ಬಡಗಿಗಳು ಅಂಗಳದಲ್ಲಿ ಒಲೆ ಹೂಡಿ ಸರೇಸು ಕಾಯಿಸುವಾಗ ಬರುತ್ತಿದ್ದ ವಾಸನೆಯೇ ಅದು. ರಾಳದ ಅಂಟಾಗಿದ್ದರೆ ಬಿಸಿನೀರಿಗೆ ಹೀಗೆ ಮೆತ್ತಗಾಗುತ್ತಿರಲಿಲ್ಲ. ಸರೇಸು ಮತ್ತು ಒತ್ತಾದ ಕಟ್ಟುಗಳು ಎರಡೂ ಸೇರಿ, ಕೋಲು 1950ಕ್ಕಿಂತ ಹಿಂದಿನದೆಂಬ ಕಡೆಗೆ ಬಲವಾಗಿ ಬೊಟ್ಟು ಮಾಡಿದವು.

ಹೀಗೆ ಕೊನೆಯ ಗಡಿ ಸಿಕ್ಕಿತು. ಮೊದಲ ಗಡಿಯನ್ನು ಇನ್ನಷ್ಟು ಹತ್ತಿರಕ್ಕೆ ತರಬೇಕಾಗಿತ್ತು. ಅದನ್ನು ಕೊಟ್ಟದ್ದು ಲೋಹ. ಹಿಡಿಯ ಮೇಲೆ, ಗಾಳದ ದಾರ ಸುತ್ತುವ ರೀಲನ್ನು ಬಿಗಿಯುವ ಎರಡು ಬಳೆಗಳಿವೆ. ಅವುಗಳ ಹೊಳಪು ಅಲ್ಲಲ್ಲಿ ಸಿಪ್ಪೆಯಂತೆ ಎದ್ದು, ಒಳಗಿನ ಹಳದಿ ಛಾಯೆಯ ನಿಕ್ಕಲ್ಲೂ ಅದರಡಿಯ ಹಿತ್ತಾಳೆಯೂ ಕಾಣುತ್ತಿದ್ದವು. ಮೇಲ್ಪದರ ನೀಲಿ ಛಾಯೆಯ ಕ್ರೋಮಿಯಂ. ಕ್ರೋಮಿಯಂ ಲೇಪನ ಕಾರ್ಖಾನೆಗಳ ಕೆಲಸವಾಗಿ ಬೆಳೆದದ್ದು 1920ರ ದಶಕದ ನಡುವಿನಿಂದ ಈಚೆಗೆ. ಭೂತಗನ್ನಡಿಯಲ್ಲಿ ಒಂದು ಬಳೆಯ ಅಂಚಿನ ಮೇಲೆ ಪೇಟೆಂಟ್ ಎಂಬುದರ ಮೊದಲ ಅಕ್ಷರಗಳೂ 2ರಿಂದ ಶುರುವಾಗುವ ಆರು ಅಂಕಿಯ ಸಂಖ್ಯೆಯೊಂದೂ ಕಂಡವು. ಅದರ ನಡುವಿನ ಅಂಕಿಗಳು ಸವೆದುಹೋಗಿದ್ದವು. ಬ್ರಿಟನ್ನಿನಲ್ಲಿ 1915ರವರೆಗೆ ಪೇಟೆಂಟ್ ಸಂಖ್ಯೆಗಳು ಪ್ರತಿವರ್ಷ 1ರಿಂದ ಮತ್ತೆ ಶುರುವಾಗುತ್ತಿದ್ದವು. 1916ರಿಂದ 1,00,001ರಲ್ಲಿ ಆರಂಭವಾಗಿ ಎಡೆಬಿಡದೆ ಮುಂದುವರಿದವು. ಎರಡು ಲಕ್ಷದ ಸಾಲಿನ ಸಂಖ್ಯೆಗಳು 1920ರ ದಶಕಕ್ಕೆ ಸೇರಿದವು. ಇಲ್ಲಿ ಒಂದು ಎಚ್ಚರಿಕೆ ಬೇಕು. ಆ ಸಂಖ್ಯೆ ಬಳೆಯ ವಿನ್ಯಾಸಕ್ಕೆ ಹಕ್ಕು ಸಿಕ್ಕ ಕಾಲವನ್ನು ಹೇಳುತ್ತದೆಯೇ ಹೊರತು ಕೋಲು ತಯಾರಾದ ವರ್ಷವನ್ನಲ್ಲ. 1919ರ ಕಾಯ್ದೆಯ ಪ್ರಕಾರ ಆಗ ಬ್ರಿಟಿಷ್ ಪೇಟೆಂಟಿನ ಅವಧಿ 16 ವರ್ಷವಿತ್ತು. ಅಷ್ಟು ಕಾಲವೂ ತಯಾರಕರು ಅದೇ ಸಂಖ್ಯೆಯನ್ನು ಒತ್ತುತ್ತಿರಬಹುದು. ಹಾಗಾಗಿ ಬಳೆ 1920ರ ದಶಕಕ್ಕಿಂತ ಹಿಂದಿನದಲ್ಲ ಎಂದಷ್ಟೇ ಹೇಳಬಹುದು. ಲೇಪನವನ್ನೂ ಸೇರಿಸಿಕೊಂಡರೆ, ದಶಕದ ಕೊನೆಯ ವರ್ಷಗಳಿಂದ ಮುಂದಕ್ಕೆ.

ಉಂಗುರಗಳ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ಹಿಡಿಗೆ ಹತ್ತಿರದ ಉಂಗುರಕ್ಕೂ ಉದ್ದ ತುದಿಯ ಕೊನೆಯ ಉಂಗುರಕ್ಕೂ ಒಳಗೆ ಅಗೇಟ್ ಕಲ್ಲಿನ ಬಳೆ ಕೂರಿಸಲಾಗಿದೆ. ಕಲ್ಲಿನೊಳಗಿನ ಪಟ್ಟೆಗಳು ಬೆಳಕಿಗೆ ಹಿಡಿದರೆ ಕಾಣುತ್ತವೆ, ತುಟಿಗೆ ತಾಗಿಸಿದರೆ ತಣ್ಣಗಿರುತ್ತವೆ. ಇವು ಎರಡು ಮಹಾಯುದ್ಧಗಳ ನಡುವಣ ಒಳ್ಳೆಯ ಕೋಲುಗಳಲ್ಲಿ ಸಾಮಾನ್ಯವಾಗಿದ್ದು, ನಾನು ಆಗಲೇ ಪಡೆದಿದ್ದ ಗಡಿಗಳೊಳಗೆ ಸರಿಯಾಗಿ ಕೂರುತ್ತವೆ. ನಿಮ್ಮ ಕೈಯಲ್ಲಿರುವ ಕೋಲು ಬಿದಿರಿನದಲ್ಲದೆ ಒಳಗೆ ಪೊಳ್ಳಾದ ಗಾಜಿನಾರಿನದಾಗಿದ್ದರೆ ಅದು 1940ರ ದಶಕದ ಕೊನೆಗಿಂತ ಹಿಂದಿನದಾಗಿರುವುದು ಸಾಧ್ಯವಿಲ್ಲ. ಕಾರ್ಬನ್ ನಾರಿನದಾಗಿದ್ದರೆ 1970ರ ದಶಕದಿಂದ ಈಚಿನದೇ.

ಕೊನೆಯದಾಗಿ ಆ ಮಸಿಯ ಬಳಿಗೆ ಹಿಂದಿರುಗಿದೆ. ನಾಲ್ಕು ತಿಂಗಳಲ್ಲಿ ನಾನು ಅತಿ ಹೆಚ್ಚು ಹೊತ್ತು ಕಳೆದದ್ದು ಆ ಎಂಟು ಸೆಂಟಿಮೀಟರ್ ಜಾಗದ ಮೇಲೆ. ನೇರ ಬೆಳಕಿನಲ್ಲಿ ಅಲ್ಲಿ ಮಸುಕಾದ ಕಂದು ಬಿಟ್ಟರೆ ಏನೂ ಇಲ್ಲ. ರಾತ್ರಿ ಕೋಣೆಯ ದೀಪ ಆರಿಸಿ, ಟಾರ್ಚನ್ನು ಬಿದಿರಿಗೆ ಬಹುತೇಕ ತಾಗುವಂತೆ ಅಡ್ಡಲಾಗಿ ಹಿಡಿದು ಬೆಳಕು ಮೇಲ್ಮೈಯನ್ನು ಸವರಿಕೊಂಡು ಹೋಗುವಂತೆ ಮಾಡಿದಾಗ, ಲೇಖನಿಯ ಮೊನೆ ಒತ್ತಿದ ಕಡೆಗಳಲ್ಲಿ ನೆರಳು ನಿಂತಿತು. ಮೂರು ರಾತ್ರಿ, ಬೇರೆ ಬೇರೆ ಕೋನಗಳಿಂದ ನಲವತ್ತಕ್ಕೂ ಹೆಚ್ಚು ಫೋಟೋ ತೆಗೆದೆ. ಸಾಲಿನ ಮೊದಲರ್ಧ, ಅಂದರೆ ನಾನು ಒರೆಸಿದ ಭಾಗ, ಪೂರ್ತಿ ಹೋಗಿತ್ತು. ಕೊನೆಯಲ್ಲಿ ಐದು ಇಂಗ್ಲಿಷ್ ಅಕ್ಷರಗಳು ಮಾತ್ರ ಖಚಿತವಾಗಿ ಓದಲು ಬಂದವು: ಡಿ, ಐ, ಟಿ, ಸಿ, ಎಚ್. ಅವುಗಳ ಹಿಂದೆ ಇನ್ನೊಂದು ಡಿಯ ಬೆನ್ನು ಕಂಡಂತಿತ್ತು. ರೆಡಿಚ್ ಊರಿನ ಹೆಸರು ಇಂಗ್ಲಿಷಿನಲ್ಲಿ ಮುಗಿಯುವುದು ಹೀಗೆಯೇ.

ಆ ಊರು ಸಿಕ್ಕಿದ ಕ್ಷಣ ಎಲ್ಲವೂ ತನ್ನ ಜಾಗಕ್ಕೆ ಬಂದಂತಾಯಿತು. ರೆಡಿಚ್ ಇಂಗ್ಲೆಂಡಿನ ವೂಸ್ಟರ್‌ಶೈರಿನ ಪಟ್ಟಣ. ಸೂಜಿ ಮಾಡುವುದು ಅಲ್ಲಿಯ ಕುಲಕಸುಬಾಗಿತ್ತು. ಸೂಜಿಯನ್ನು ಬಗ್ಗಿಸಿದರೆ ಗಾಳದ ಕೊಕ್ಕೆ. ಕೊಕ್ಕೆಯಿಂದ ರೀಲು, ಕೋಲುಗಳವರೆಗೆ ಅಲ್ಲಿಯ ಕಾರ್ಖಾನೆಗಳು ಬೆಳೆದವು. 1730ರಲ್ಲಿ ಹುಟ್ಟಿದ ಮಿಲ್ವರ್ಡ್, 1803ರಲ್ಲಿ ಹುಟ್ಟಿದ ಆಲ್ಕಾಕ್, ಸೀಲಿ ಮುಂತಾದ ಕಂಪನಿಗಳು ಅಲ್ಲಿಯವು. ಊರು ಸಿಕ್ಕಿತು, ಮನೆತನ ಯಾವುದು? ನಾನು ಅಳಿಸಿಹಾಕಿದ ಅರ್ಧದಲ್ಲಿ ಇದ್ದದ್ದು ಅದೇ ಹೆಸರು. ಈ ಮಾತನ್ನು ಬರೆಯುವಾಗ ಈಗಲೂ ನನಗೆ ನೋವಾಗುತ್ತದೆ. ಉಳಿದಿದ್ದು ಒಂದೇ ಒಂದು ಕುರುಹು. ಬರಹದ ಕೆಳಗೆ, ಉಗುರಿನ ಕಾಲು ಭಾಗದಷ್ಟು ಜಾಗದಲ್ಲಿ, ನೀರಿನಲ್ಲಿ ನೆನೆಸಿ ಅಂಟಿಸುವ ಚಿತ್ರದಂಥ ಬಣ್ಣದ ಪೊರೆಯ ಚೂರೊಂದಿದೆ. ಭೂತಗನ್ನಡಿಯಲ್ಲಿ ಅದು ಕವಲೊಡೆದ ಕಂದು ಗೆರೆಯಾಗಿ, ಜಿಂಕೆಯ ಕೊಂಬಿನ ತುದಿಯಂತೆ ಕಾಣುತ್ತದೆ. ಆಲ್ಕಾಕ್ ಕಂಪನಿಯ ವ್ಯಾಪಾರ ಮುದ್ರೆ ಗಂಡು ಜಿಂಕೆ. ಹಳೆಯ ಬೆಲೆಪಟ್ಟಿಗಳ ಚಿತ್ರಗಳಲ್ಲಿರುವ ಅವರ ಕೋಲುಗಳ ಹಿಡಿಯ ಆಕಾರವೂ ನನ್ನದಕ್ಕೆ ಹತ್ತಿರವಾಗಿದೆ. ಆದರೆ ರೆಡಿಚ್ಚಿನ ಕಾರ್ಖಾನೆಗಳು ಬೇರೆಯವರ ಅಂಗಡಿಗಳಿಗೂ ಕೋಲು ಮಾಡಿಕೊಡುತ್ತಿದ್ದುದರಿಂದ ಹಿಡಿಯ ಹೋಲಿಕೆಗೆ ನಾನು ಬೆಲೆ ಕೊಡುವುದಿಲ್ಲ. ಕೊಂಬಿನ ಚೂರಿಗೆ ಕೊಡುತ್ತೇನೆ. ಅದರ ಬಲದ ಮೇಲೆ ಆಲ್ಕಾಕ್ ಇರಬಹುದು ಎಂದು ಬರೆದುಕೊಂಡೆ, ಆಲ್ಕಾಕ್ ಎಂದಲ್ಲ.

ಕೋಲಿನ ಬಾಗುವಿಕೆ, ಉದ್ದ, ಉದ್ದನೆಯ ಹಿಡಿ ಇವೆಲ್ಲ ಸೇರಿ ಇದು ತಿರುಗುವ ತಗಡಿನ ಮೀನನ್ನು ದೂರಕ್ಕೆ ಎಸೆದು ಎಳೆಯುವುದಕ್ಕಾಗಿ ಮಾಡಿದ ಕೋಲೆಂದು ತಿಳಿಯುತ್ತದೆ. ಕೊಡಗಿನ ತೋಟದ ಸಾಹೇಬರು ಕಾವೇರಿಯಲ್ಲಿ ಬಿಳಿಮೀನು, ಅಂದರೆ ಮಹಶೀರ್ ಹಿಡಿಯಲು ಇಂಥವನ್ನೇ ಬಳಸುತ್ತಿದ್ದರು. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಹಿಡಿದ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಈ ಸೀಮೆಯ ಗಾಳಗಾರರೆಲ್ಲರ ಬಾಯಲ್ಲಿದ್ದ ಮೀನು. ಅದೇ ಜಾತಿಯ, ಬೆನ್ನುಬ್ಬಿದ ಮಹಶೀರ್ 2018ರಿಂದ ಅಳಿವಿನ ಅಂಚಿನ ಜೀವಿಗಳ ಪಟ್ಟಿಯಲ್ಲಿದೆ. ಆ ಕಾಲ, ಈ ಕೋಲು, ಕೊಡಗು ಎಲ್ಲವನ್ನೂ ಸೇರಿಸಿ ಒಂದು ಚೆಂದದ ಕಥೆ ಹೆಣೆಯಬಹುದು. ಅಂಗಡಿಯವರ ಬಾಯಿಮಾತಿನ ಹೊರತು ಅದಕ್ಕೆ ಆಧಾರವಿಲ್ಲ. ಉದ್ದ ತುದಿಯ ಅಗೇಟ್ ಉಂಗುರದಲ್ಲಿ ದಾರ ಉಜ್ಜಿ ಉಜ್ಜಿ ಮೂಡಿದ ಸಣ್ಣ ಗೆರೆಯೊಂದಿದೆ. ಕೋಲು ಗೋಡೆಯ ಮೇಲೆ ಸುಮ್ಮನೆ ನೇತಾಡಲಿಲ್ಲ, ಯಾವುದೋ ನೀರಿನಲ್ಲಿ ಬಹಳ ದಿನ ದುಡಿದಿದೆ ಎಂದು ಅದರಿಂದ ಹೇಳಬಹುದು. ಯಾವ ನೀರೆಂದು ಹೇಳಲು ಬರುವುದಿಲ್ಲ.

ಬ್ಯಾಂಬೂ ಬಜಾರಿನ ಹಿರಿಯರಿಗೆ ಕೊಟ್ಟ ಮಾತಿನಂತೆ ಹೋಗಿ, ಬಿದಿರು ಚೀನಾದ್ದು, ಕೋಲು ಇಂಗ್ಲೆಂಡಿನದು ಎಂದು ತಿಳಿಸಿ ಬಂದೆ. "ನಮ್ ಬಿದಿರ್ನೂ ಹಿಂಗೇ ಒಯ್ತಿದ್ರಾ?" ಎಂದು ಕೇಳಿದರು. ಕಲ್ಕತ್ತೆಯ ಹಡಗುಗಳ ಸಂಗತಿಯನ್ನು ಹೇಳಿದಾಗ ಬಹಳ ಹೊತ್ತು ಕೋಲನ್ನು ಕೈಯಲ್ಲೇ ಹಿಡಿದುಕೊಂಡಿದ್ದರು.

ಸಡಿಲವಾಗಿದ್ದ ಒಂದು ಉಂಗುರವನ್ನು ನನ್ನ ಹೆಂಡತಿ ಕುಚ್ಚಿನ ರೇಷ್ಮೆ ಎಳೆಯಿಂದ ಮತ್ತೆ ಕಟ್ಟಿಕೊಟ್ಟಳು. ಹಳೆಯ ಕೆಂಪಿಗೆ ಹೊಂದುವ ಎಳೆ ಅವಳ ಬಳಿ ಇತ್ತು. ಮುಂದೆ ನೋಡುವವರಿಗೆ ಹೊಸ ಕಟ್ಟು ಯಾವುದೆಂದು ತಿಳಿಯಲೆಂದು ನಾನು ಕೇಳಿಕೊಂಡದ್ದರಿಂದ ಒಂದು ಛಾಯೆ ಗಾಢವಾದುದನ್ನು ಬಳಸಿದಳು. ವಾರ್ನಿಷನ್ನು ಮುಟ್ಟಲಿಲ್ಲ. ನೈಲಾನಿನ ಎರಡು ಕಟ್ಟುಗಳನ್ನೂ ಹಾಗೆಯೇ ಬಿಟ್ಟೆವು. ಅವೂ ಈಗ ಕೋಲಿನ ಚರಿತ್ರೆಯೇ. ಆಮೇಲೆ ದಪ್ಪ ರಟ್ಟಿನ ಚೀಟಿಯೊಂದರಲ್ಲಿ ಪೆನ್ಸಿಲ್ಲಿನಿಂದ ಹೀಗೆ ಬರೆದು ಚೀಲದ ಬಾಯಿಯ ದಾರಕ್ಕೆ ಕಟ್ಟಿದೆ:

"ಸೀಳುಬಿದಿರಿನ ಎರಡು ಭಾಗದ ಗಾಳದ ಕೋಲು, ಹೆಚ್ಚುವರಿ ತುದಿ ಒಂದು. ಉದ್ದ ಒಂಬತ್ತೂವರೆ ಅಡಿ. ಟಾಂಕಿನ್ ಬಿದಿರು, ಸರೇಸಿನ ಅಂಟು. ಇಂಗ್ಲೆಂಡಿನ ರೆಡಿಚ್‌ನಲ್ಲಿ ತಯಾರಾದದ್ದು, ಆಲ್ಕಾಕ್ ಇರಬಹುದು. ಕಾಲ 1920ರ ದಶಕದ ಕೊನೆಯಿಂದ 1940ರ ದಶಕದ ಕೊನೆಯೊಳಗೆ. ಗಿಡ್ಡ ತುದಿ ಮುರಿದು ಯುದ್ಧಾನಂತರ ರಿಪೇರಿಯಾದದ್ದು. ಗಾಢ ಕೆಂಪು ಕಟ್ಟು ಮೈಸೂರಿನಲ್ಲಿ ಈಚೆಗೆ ಹಾಕಿದ್ದು. ಚೀಲ ಈ ಕೋಲಿನದಲ್ಲ. ಹಿಡಿಯ ಮೇಲಿನ ಬರಹದ ಮೊದಲರ್ಧ ಅಳಿದದ್ದು ಹಳತಾಗಿ ಅಲ್ಲ, ನಾನು ಸ್ಪಿರಿಟ್ ಹಾಕಿ ಒರೆಸಿದ್ದರಿಂದ."